ಮುಚ್ಚಳದ ಕೆಳಗಿನ ಸತ್ಯ: ವಾಹನದ ಧ್ವನಿವರ್ಧಕದ ಒಂದು ಚರಿತ್ರೆ

ಬಯಲುಸೀಮೆಯ ನಮ್ಮ ಸಿಂಗಟಗೆರೆ, ಪಂಚನಹಳ್ಳಿ, ಯಗಟಿ ಹೋಬಳಿಗಳ ಊರುಗಳಿಗೆ ಸುದ್ದಿಯೆಂಬುದು ಬಹುಕಾಲ ವಾಹನವೇರಿಯೇ ಬರುತ್ತಿತ್ತು. ನಾಟಕವಿರಲಿ, ಜಾತ್ರೆಯಿರಲಿ, ಚುನಾವಣೆಯಿರಲಿ, ಜೀಪಿನ ನೆತ್ತಿಗೆ ಕಟ್ಟಿದ ತುತ್ತೂರಿಯಾಕಾರದ ಸ್ಪೀಕರು ಅದನ್ನು ಸಾರುತ್ತಿತ್ತು. ಇಂದಿರಾ ಗಾಂಧಿಯವರು 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತಾಗ ನಮ್ಮ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಪರಿಚಯವಾದುದನ್ನು ಹಿರಿಯರು ಮರೆತಿರಲಾರರು. ಆ ಕಾಲದ ಪ್ರಚಾರದ ಕಂಠವೆಂದರೆ ಇಂಥ ವಾಹನಗಳೇ. ಭಾಷಣ ಮಾಡಿದವರು ಚರಿತ್ರೆಯಲ್ಲಿ ಉಳಿದರು. ಆ ಭಾಷಣವನ್ನು ಊರಿಗೆ ಮುಟ್ಟಿಸಿದ, ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯನ್ನು ಮಾತ್ರ ಯಾರೂ ನೆನೆಯಲಿಲ್ಲ. ಇಂದು ಆ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡೋಣ.

ವಾಹನದಲ್ಲಿ ಧ್ವನಿಯನ್ನು ಹಿಗ್ಗಿಸುವುದಕ್ಕೆ ಮೂಲ ತೊಡಕು ಬ್ಯಾಟರಿಯದು. ಅದು ಕೊಡುವುದು 6 ಅಥವಾ 12 ವೋಲ್ಟ್. ಹಳೆಯ ವಾಲ್ವುಗಳಿಗಾದರೋ 200 ವೋಲ್ಟಿಗೂ ಹೆಚ್ಚು ಬೇಕು. ಅಮೆರಿಕದಲ್ಲಿ ಗಾಲ್ವಿನ್ ಕಂಪನಿ 1930ರಲ್ಲಿ ಮೊಟೊರೋಲಾ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋ ಮಾರತೊಡಗಿತು. ಮುಂದೆ ಇಂಥ ರೇಡಿಯೋಗಳಲ್ಲಿ ವೈಬ್ರೇಟರ್ ಎಂಬ ಚಿಕ್ಕ ಸಾಧನ ಬಳಕೆಗೆ ಬಂದಿತು. ಅದರ ಲೋಹದ ನಾಲಿಗೆ ಒಂದು ಕ್ಷಣಕ್ಕೆ ನೂರಾರು ಬಾರಿ ಮಿಡಿದು ಬ್ಯಾಟರಿಯ ವಿದ್ಯುತ್ತನ್ನು ತುಂಡುತುಂಡಾಗಿ ಕತ್ತರಿಸುವುದು, ಟ್ರಾನ್ಸ್‌ಫಾರ್ಮರು ಅದನ್ನು ಏರಿಸುವುದು, ಇದು ಅದರ ಕ್ರಮ. ಗುಂಯ್‌ಗುಡುತ್ತಲೇ ದುಡಿಯುತ್ತಿದ್ದ ಆ ನಾಲಿಗೆ ಸವೆದಾಗ ಇಡೀ ಪೆಟ್ಟಿಗೆ ಮೂಕವಾಗುತ್ತಿತ್ತು.

ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ತೊಡಕನ್ನು ನೀಗಿಸಿತು. ಅದಕ್ಕೆ ಬ್ಯಾಟರಿಯ ವೋಲ್ಟೇಜೇ ಸಾಕು. ನಮ್ಮ ನಾಡಿನ ಹೆಮ್ಮೆಯ ಅಧ್ಯಾಯ ಆರಂಭವಾಗುವುದೂ ಇದೇ ಕಾಲದಲ್ಲಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಸಾಧನಗಳನ್ನೂ ತಯಾರಿಸತೊಡಗಿತು. 1967ರಲ್ಲಿ ಸಿಲಿಕಾನಿನ ಸಾಧನಗಳೂ ಬಂದವು. ರಕ್ಷಣಾ ಇಲಾಖೆಗಾಗಿ ಹುಟ್ಟಿದ ಕಾರ್ಖಾನೆಯ ಬಿಡಿಭಾಗಗಳು ಹಳ್ಳಿಯ ರೇಡಿಯೋ ರಿಪೇರಿಯ ಮೇಜಿನ ಮೇಲೂ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಜರ್ಮೇನಿಯಮ್ಮಿನಿಂದ ಸಿಲಿಕಾನಿಗೆ ಬಂದದ್ದು ಬರಿಯ ಹೆಸರಿನ ಬದಲಾವಣೆಯಾಗಿರಲಿಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಶಾಖವೇರಿದಂತೆ ಸೋರುವ ವಿದ್ಯುತ್ತೂ ಹೆಚ್ಚುತ್ತದೆ, ಅದರಿಂದ ಶಾಖ ಮತ್ತಷ್ಟು ಏರುತ್ತದೆ. ತಡೆಯುವ ಏರ್ಪಾಡಿಲ್ಲದಿದ್ದರೆ ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದರ ಸಹನೆಯ ಮಿತಿ ಸುಮಾರು 90 ಡಿಗ್ರಿ. ಸಿಲಿಕಾನಿನದು 150ರಿಂದ 200 ಡಿಗ್ರಿ. ಏಪ್ರಿಲ್ ತಿಂಗಳ ಕಡೂರಿನ ಬಿಸಿಲಿನಲ್ಲಿ ನಿಂತ ವಾಹನದ ಒಳಗಿನ ಕಾವನ್ನು ಬಲ್ಲವರಿಗೆ ಈ ಅಂತರದ ಬೆಲೆ ಥಟ್ಟನೆ ತಿಳಿದೀತು. ಇಡೀ ಜಗತ್ತಿನಲ್ಲಿ ಹೆಸರಾದ 2ಎನ್3055 ಎಂಬ ಸಿಲಿಕಾನ್ ಟ್ರಾನ್ಸಿಸ್ಟರನ್ನು ಲೋಹದ ಟೋಪಿಯಂತಹ ಕವಚದಲ್ಲಿರಿಸಿ, ಅಡಿಗೆ ಕಾಗೆಬಂಗಾರದ ತೆಳುಹಾಳೆಯಿಟ್ಟು, ಬಿಳಿಯ ಲೇಪ ಸವರಿ, ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಬಿಗಿಯಲಾಗುತ್ತಿತ್ತು. ಆ ಬಿಗಿಯುವ ಕೆಲಸದಲ್ಲಿ ಒಂದು ತಿರುಪು ಸಡಿಲವಾದರೂ ಎಂತಹ ಒಳ್ಳೆಯ ಟ್ರಾನ್ಸಿಸ್ಟರೂ ಬದುಕದು. ಭಾಗದ ಗುಣ ಬೇರೆ, ಅದನ್ನು ಕೂರಿಸಿದ ಕೈಯ ಗುಣ ಬೇರೆ. ಎರಡೂ ಕೂಡಿದರೆ ಮಾತ್ರ ಯಂತ್ರ.

ಇನ್ನು ಕೆಪಾಸಿಟರಿನ ವಿಷಯ. ಸಿಲಿಂಡರಿನಾಕಾರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವವಿರುತ್ತದೆ. ಅದು ಒಣಗಿದರೆ ಧ್ವನಿಯಲ್ಲಿ ಗೊರಗೊರ ಶುರುವಾಗುತ್ತದೆ. ಶಾಖ 10 ಡಿಗ್ರಿ ತಗ್ಗಿದರೆ ಇದರ ಆಯುಷ್ಯ ಇಮ್ಮಡಿಯಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ನಿಯಮ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯಲ್ಲಿ 8,000 ಗಂಟೆ ಬಾಳೀತು. 105 ಡಿಗ್ರಿಯಲ್ಲಿ ಅಷ್ಟೇ ಗಂಟೆಯ ಭರವಸೆಯುಳ್ಳದ್ದಾದರೆ ಅದೇ 65 ಡಿಗ್ರಿಯಲ್ಲಿ 32,000 ಗಂಟೆ. ಇವೆರಡರ ಬೆಲೆಯಲ್ಲಿರುವ ವ್ಯತ್ಯಾಸ ಅತ್ಯಲ್ಪ. ಆ ಅಲ್ಪವನ್ನು ಉಳಿಸುವವನು ಕೊಳ್ಳುವವನ ಎಷ್ಟು ವರ್ಷಗಳನ್ನು ಕದಿಯುತ್ತಾನೆಂಬುದು ಗುಣಾಕಾರ ಬಲ್ಲ ಮಗುವಿಗೂ ತಿಳಿಯುವ ಲೆಕ್ಕ.

ನಮ್ಮ ಮಣ್ಣುರಸ್ತೆಗಳ ಕುಲುಕಾಟ ಇನ್ನೊಂದು ಪರೀಕ್ಷೆ. ಭಾರವಾದ ಭಾಗಗಳನ್ನು ಅಂಟು ಹಾಕಿಯೋ ಪಟ್ಟಿ ಬಿಗಿದೋ ನಿಲ್ಲಿಸದಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಒಮ್ಮೆ ಹಾಡಿ ಒಮ್ಮೆ ನಿಲ್ಲುವ, ಮೇಲೆ ಗುದ್ದಿದರೆ ಮತ್ತೆ ಹಾಡುವ ಪೆಟ್ಟಿಗೆಯ ರೋಗ ಬಹುಪಾಲು ಇದೇ. ಕಂದು ಬಣ್ಣದ ಅಗ್ಗದ ಹಲಗೆಗಿಂತ ಗಾಜಿನ ನಾರಿನ ಹಲಗೆ ಈ ಕುಲುಕನ್ನು ಹೆಚ್ಚು ತಾಳುತ್ತದೆ.

ಈಗ ವಾಟಿನ ಮಾತಿಗೆ ಬರೋಣ. ಎಂಜಿನ್ ಚಾಲೂ ಇರುವಾಗ ಕಾರಿನಲ್ಲಿ ದೊರೆಯುವುದು ಸುಮಾರು 14.4 ವೋಲ್ಟ್. ಇದನ್ನೇ ನೆಚ್ಚಿದ ಸರಳ ಸರ್ಕ್ಯೂಟು 4 ಓಮಿನ ಸ್ಪೀಕರಿಗೆ ಕೊಡಬಲ್ಲ ಗರಿಷ್ಠ ಶಕ್ತಿ ಸುಮಾರು ಆರೂವರೆ ವಾಟ್. ಟಿಡಿಎ 2003ರಂತಹ ಐಸಿಗಳು ಕೊಡುತ್ತಿದ್ದುದೂ ಸರಿಸುಮಾರು ಅಷ್ಟೇ. ಎರಡು ಸರ್ಕ್ಯೂಟುಗಳನ್ನು ಸೇತುವೆಯಂತೆ ಜೋಡಿಸಿದರೆ 26 ವಾಟ್ ಮಿತಿ. ಇದಕ್ಕೂ ಮೀರಬೇಕಾದರೆ ವೋಲ್ಟೇಜನ್ನು ಏರಿಸುವ ಬೇರೊಂದು ವ್ಯವಸ್ಥೆ ಬೇಕು. ಅಂದರೆ ವೈಬ್ರೇಟರು ಮಾಡುತ್ತಿದ್ದ ಕೆಲಸವೇ, ಈಗ ಟ್ರಾನ್ಸಿಸ್ಟರಿನ ಕೈಯಿಂದ! ಪೆಟ್ಟಿಗೆಯ ಮೇಲೆ 1,000 ವಾಟ್ ಎಂದು ಹೊಳೆಯುವ ಅಕ್ಷರವಿದ್ದರೆ ಅದರ ಫ್ಯೂಸನ್ನು ನೋಡಿ. 10 ಆಂಪಿಯರಿನ ಫ್ಯೂಸು ಇದ್ದಲ್ಲಿ ಒಳಗೆ ನಿರಂತರವಾಗಿ ಹೋಗಬಲ್ಲದ್ದೇ 144 ವಾಟ್. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುವುದೆಂತು? ಶಾಲೆಯಲ್ಲಿ ಕಲಿತ ಗುಣಾಕಾರ ಅಂಗಡಿಯಲ್ಲಿ ಬಳಕೆಯಾಗದಿದ್ದರೆ ಆ ಕಲಿಕೆ ಸಾರ್ಥಕವಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಇಂದಿನ ಡಿ ವರ್ಗದ ಆಂಪ್ಲಿಫೈಯರು ಬ್ಯಾಟರಿಯಿಂದ ಪಡೆದುದರಲ್ಲಿ ಬಹುಪಾಲನ್ನು ಸ್ಪೀಕರಿಗೇ ತಲುಪಿಸುತ್ತದೆ. ಹಳೆಯವು ಅರ್ಧದಷ್ಟನ್ನು ಶಾಖವಾಗಿಯೇ ಕಳೆಯುತ್ತಿದ್ದವು. ಕಳೆದುಹೋದದ್ದು ಬೇರೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ಊರಿನ ಯುವಕನೊಬ್ಬ ಪೆಟ್ಟಿಗೆ ಬಿಚ್ಚಿ ಜೀವ ಕೊಡಬಹುದಾಗಿತ್ತು. ಅದು ಅವನ ಅನ್ನವೂ ಆಗಿತ್ತು, ವಿದ್ಯೆಯೂ ಆಗಿತ್ತು. ಸಾಸಿವೆಯಷ್ಟು ಚಿಕ್ಕ ಭಾಗಗಳನ್ನು ಹಲಗೆಗೆ ಅಂಟಿಸಿಬಿಟ್ಟ ಇಂದಿನ ಪೆಟ್ಟಿಗೆ ಕೆಟ್ಟರೆ ಹೆಚ್ಚಾಗಿ ಗುಜರಿಗೇ ಹೋಗುತ್ತದೆ. ಬಿಚ್ಚಿ ನೋಡಲಾಗದ ವಸ್ತುವಿನ ವಿಷಯದಲ್ಲಿ ನಮಗೆ ಉಳಿಯುವುದು ಅದರ ಮೇಲಿನ ಬರಹ ಮಾತ್ರ. ಆದ್ದರಿಂದ ಓದುಗ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಫ್ಯೂಸು ನೋಡಿ, ರಿಪೇರಿ ಮಾಡುವವರು ಯಾರೆಂದು ಕೇಳಿ. ಮಾರುವವನು ಮೂರನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಆ ಪೆಟ್ಟಿಗೆಯ ಆಯುಷ್ಯವಿರುತ್ತದೆ.