ಅತ್ತಿಮಬ್ಬೆಯ ಪ್ರತಿಗಳು, ಭಿವಂಡಿಯ ಡಬ್ಬಿ

ಕರೆಂಟು ಹೋಯಿತೆಂದು ಭಿವಂಡಿಯಲ್ಲಿ ಯಾರೂ ಹೇಳಬೇಕಾಗಿಲ್ಲ. ಪವರ್‌ಲೂಮ್‌ಗಳ ಖಟಪಟ ನಿಂತ ಕೂಡಲೇ ಗೊತ್ತಾಗುತ್ತದೆ. ಕಡಿದ ನೂಲಿಗೆ ಗಂಟು ಹಾಕಿ ಮಗ್ಗವನ್ನು ಮತ್ತೆ ಓಡಿಸಬಹುದು. ಅರ್ಧ ಬರೆದ ಫೈಲಿಗೆ ಹಾಗೆ ಗಂಟು ಹಾಕಲಾಗದು. ಅಜ್ಜಿಯ ದನಿ, ಊರ ಮನೆಯ ಫೋಟೊ, ಅಪ್ಪನ ಪತ್ರಗಳ ಸ್ಕ್ಯಾನ್ ಎಲ್ಲವನ್ನೂ ಪುಟ್ಟ ಸ್ಟೋರೇಜ್ ಸರ್ವರ್‌ಗೆ ತುಂಬಿ ಅದರ ಸೆಟ್ಟಿಂಗ್ಸ್ ತೆರೆದಾಗ, ಇಷ್ಟೊಂದು ಆಯ್ಕೆಗಳೇಕೆ ಅನ್ನಿಸಿತ್ತು. ಒಂದೊಂದರ ಹಿಂದೆಯೂ ಕಳೆದುಕೊಳ್ಳುವ ಭಯದ ಚರಿತ್ರೆಯಿದೆ.

ಆ ಭಯ ನಮಗೆ ಹಳೆಯದು. ಓಲೆಗರಿಗೆ ಗೆದ್ದಲು, ಬೆಂಕಿ, ನೀರು ಮೂರೂ ಶತ್ರುಗಳೇ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಬರೆಯಿಸಿದ್ದಷ್ಟೇ ಅಲ್ಲ, ಹಂಚಿದ್ದೂ ಮುಖ್ಯ.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅಗ್ಗದ ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಬಗೆಯನ್ನು ವಿವರಿಸಿದರು. ಅದೇ ರೇಡ್. ನಮ್ಮ ಡಬ್ಬಿಯಲ್ಲಿ ಎರಡು ಡಿಸ್ಕಿನ 'ಮಿರರ್' ಆಯ್ಕೆ ಅದರದೇ ಒಂದು ಬಗೆ. ಆದರೆ ಮಿರರ್ ಕನ್ನಡಿಯೇ: ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದಕ್ಕಾಗಿ ನಿನ್ನೆಯ ಸ್ಥಿತಿಯನ್ನು ಹಿಡಿದಿಡುವ 'ಸ್ನ್ಯಾಪ್‌ಶಾಟ್' ಬೇಕು.

2005ರಲ್ಲಿ ಫ್ರಾನ್ಸಿನ ಒಲಿವಿಯೆ ಕೊಶಾರ್-ಲಾಬೆ ಫ್ರೀನ್ಯಾಸ್ ಆರಂಭಿಸಿದರು. ಹಳೆಯ ಪಿಸಿಯೂ ಸ್ಟೋರೇಜ್ ಸರ್ವರ್ ಆಯಿತು. ಬ್ರೌಸರಿನಲ್ಲೇ ಎಲ್ಲ ಹೊಂದಿಸಬಹುದಾಯಿತು. ಅದೇ ವರ್ಷ ಸನ್ ಕಂಪನಿ ಝಡ್‌ಎಫ್‌ಎಸ್‌ನ ಮೂಲ ಸಂಕೇತವನ್ನು ಬಿಡುಗಡೆ ಮಾಡಿತು. ಅದರ 'ಸ್ಕ್ರಬ್' ಬರೆದಿಟ್ಟ ಪ್ರತಿ ತುಣುಕನ್ನೂ ಓದಿ, ಲೆಕ್ಕ ತಾಳೆಯಾಗದಿದ್ದರೆ ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತದೆ. ತಿಂಗಳಿಗೊಮ್ಮೆ, ರಾತ್ರಿ ಹೊತ್ತಿಗೆ ಹಚ್ಚಿಟ್ಟರೆ ಸಾಕು.

ಅದೇ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣ, ಭಿವಂಡಿಗೂ ನೀರು ನುಗ್ಗಿತು. ಕಪಾಟಿನ ಕೆಳತಟ್ಟಿನಲ್ಲಿ ಎಷ್ಟು ಡಿಸ್ಕುಗಳ ಮಿರರ್ ಇದ್ದರೂ ನೆರೆಗೆ ಅವೆಲ್ಲ ಒಂದೇ ಪ್ರತಿ.

ಯುಪಿಎಸ್ ಕೊಂಡವರು ಒಂದು ತಪ್ಪು ಮಾಡುತ್ತೇವೆ: ಅದರ ಯುಎಸ್‌ಬಿ ಕೇಬಲ್ಲನ್ನು ಸರ್ವರ್‌ಗೆ ಸಿಕ್ಕಿಸುವುದಿಲ್ಲ. ನಾನೂ ವರ್ಷ ಸಿಕ್ಕಿಸಿರಲಿಲ್ಲ. ಕೇಬಲ್ ಇಲ್ಲದೆ ಬ್ಯಾಟರಿ ಮುಗಿಯುತ್ತಿದೆಯೆಂಬ ಸುದ್ದಿ ಸರ್ವರ್‌ಗೆ ಮುಟ್ಟದು. ಬ್ಯಾಟರಿ ತೀರಿದಾಗ ಅದೂ ಧುತ್ತನೆ ಆರುತ್ತದೆ. ಕೇಬಲ್ ಸಿಕ್ಕಿಸಿ, 'ಬ್ಯಾಟರಿ ತಗ್ಗಿದರೆ ಶಟ್‌ಡೌನ್' ಎಂದು ಗುರುತು ಹಾಕಿದರೆ ತಾನೇ ಫೈಲುಗಳನ್ನು ಮುಚ್ಚಿ ಮಲಗುತ್ತದೆ.

ಇನ್ನೊಂದು ಪ್ರತಿ ಈಗ ಹುಬ್ಬಳ್ಳಿಯ ತಮ್ಮನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗಲೆಲ್ಲ ಅಲ್ಲಿನ ಡಿಸ್ಕಿನಿಂದ ಅಜ್ಜಿಯ ದನಿ ಹಚ್ಚಿ, ಕೇಳಿಸುತ್ತದೆಯೇ ಎಂದು ನೋಡುತ್ತೇವೆ. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ.