ತೆನೆಹಬ್ಬದ ಒಂಬತ್ತು ದಿನಗಳು

ದೇವಾಲಯದ ಬಾಗಿಲು ಮುಚ್ಚಿಹೋದರೆ, ಗುರುಗಳು ದೂರವಾದರೆ, ಒಂದು ಧರ್ಮವು ಯಾವುದನ್ನು ಆಧಾರವಾಗಿಟ್ಟುಕೊಂಡು ಬಾಳಬೇಕು? ಈ ಪ್ರಶ್ನೆಗೆ ನಮ್ಮ ನಾಡಿನ ಪಡುವಣ ಕರಾವಳಿಯ ಕಥೋಲಿಕ ಕ್ರೈಸ್ತರ ಚರಿತ್ರೆಯಲ್ಲಿ ಒಂದು ಉತ್ತರವುಂಟು. ಅದನ್ನು ತಿಳಿಯಲು ಪ್ರತಿವರ್ಷ ಸೆಪ್ಟೆಂಬರ್ ೮ರಂದು ಅವರು ಆಚರಿಸುವ ಮೊಂತಿ ಹಬ್ಬವನ್ನು ವಾಚಕರು ನನ್ನೊಡನೆ ಸ್ವಲ್ಪ ನಿಧಾನವಾಗಿ ನೋಡಬೇಕು.

ಈ ಜನರ ಪೂರ್ವಿಕರು ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಹಲವು ಅಲೆಗಳಲ್ಲಿ ಗೋವೆಯಿಂದ ಇಳಿದು ಬಂದವರು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ನೆಲೆಯೂರಿ, ಕಾಡು ಕಡಿದು ಗದ್ದೆ ಮಾಡಿದರು. ಕೊಂಕಣಿ ಮನೆಮಾತು, ಬೇಸಾಯ ಬದುಕು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, ಗುಡ್ಡದ ಮೇಲೆ, ಮೋಂತೆ ಮರಿಯಾನೋ ಎಂಬ ಇಗರ್ಜಿಯಿತ್ತು. ಪೋರ್ಚುಗೀಸಿನಲ್ಲಿ ‘ಮೋಂತೆ’ ಎಂದರೆ ಗುಡ್ಡ. ಹಬ್ಬಕ್ಕೆ ಹೆಸರು ಬಂದುದು ಅಲ್ಲಿಂದ. ಗೋವೆಯ ಗುರು ಜೋಕಿಂ ಮಿರಾಂದರು ೧೭೬೩ರಲ್ಲಿ ಇದನ್ನು ಆರಂಭಿಸಿದರೆಂಬುದು ಸಮುದಾಯದ ಪರಂಪರೆ. ಹೈದರಾಲಿಯು ಬಿದನೂರನ್ನು ಗೆದ್ದದ್ದೂ ಆ ವರ್ಷವೇ.

ಸೆಪ್ಟೆಂಬರ್ ೮ ಕನ್ಯಾಮರಿಯಮ್ಮನವರ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನಗಳು ಪ್ರಾರ್ಥನೆಯ ದಿನಗಳು. ಮಕ್ಕಳು ಪ್ರತಿದಿನವೂ ಹೂಗಳನ್ನು ತಂದು ಬಾಲಮರಿಯಮ್ಮನ ವಿಗ್ರಹದ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ. ತೆನೆ ಮನೆಗೆ ಬಂದು ಪೀಠದ ಮೇಲೆ ಕೂರುತ್ತದೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ, ಕಾಳುಗಳನ್ನು ಸುಲಿದು, ಪುಡಿಮಾಡಿ, ಪಾಯಸದಲ್ಲಿಯೋ ತೆಂಗಿನ ಹಾಲಿನಲ್ಲಿಯೋ ಬೆರೆಸಿ, ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಯೆಲೆಯ ಊಟ. ಮೀನು ಮಾಂಸಗಳಿಗೆ ಅಂದು ಅವಕಾಶವಿಲ್ಲ. ತುಳುವಿನಲ್ಲಿ ಇದಕ್ಕೆ ಕುರಲ್ ಪರ್ಬ, ಎಂದರೆ ತೆನೆಯ ಹಬ್ಬ, ಎನ್ನುತ್ತಾರೆ. ಕೊಡಗಿನ ಹುತ್ತರಿಯನ್ನೂ ತುಳುನಾಡಿನ ಹೊಸ ಅಕ್ಕಿಯ ಊಟವನ್ನೂ ಬಲ್ಲವರಿಗೆ ಈ ನಂಟು ಹೊಸತಲ್ಲ.

ಶಬ್ದದ ಕಡೆಯಿಂದಲೂ ಒಂದು ಸೊಗಸುಂಟು. ಹೊಸ ಅನ್ನಕ್ಕೆ ಕೊಂಕಣಿಯ ಹೆಸರು ‘ನೊವೆಂ’. ಒಂಬತ್ತು ದಿನಗಳ ಪ್ರಾರ್ಥನೆಗೆ ಲ್ಯಾಟಿನ್ ಮೂಲದ ಹೆಸರು ‘ನೊವೇನ’. ಸಂಸ್ಕೃತದ ‘ನವ’ ಶಬ್ದಕ್ಕೆ ಹೊಸತು, ಒಂಬತ್ತು ಎಂಬ ಎರಡೂ ಅರ್ಥಗಳುಂಟಷ್ಟೆ! ಗದ್ದೆಯ ಮಾತೂ ಇಗರ್ಜಿಯ ಮಾತೂ ಇಲ್ಲಿ ಒಂದೇ ಅಂಗಳದಲ್ಲಿ ಸೇರಿವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ೧೭೮೩ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಅದನ್ನು ಮರಳಿ ಪಡೆದ ಟಿಪ್ಪು ಸುಲ್ತಾನನು, ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ, ೧೭೮೪ರಲ್ಲಿ ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಗುರುಗಳು ಗಡಿಪಾರಾದರು, ಅನೇಕ ಇಗರ್ಜಿಗಳು ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಮಡಿದರು. ೧೭೯೯ರ ಮೇ ೪ರಂದು ಪಟ್ಟಣವು ಬಿದ್ದ ಮೇಲೆಯೇ ಅಳಿದುಳಿದವರಿಗೆ ಬಿಡುಗಡೆ. ಹದಿನೈದು ವರ್ಷವೆಂದರೆ, ಸೆರೆಯಲ್ಲಿ ಹುಟ್ಟಿದ ಮಗು ಊರನ್ನೇ ನೋಡದೆ ಪ್ರಾಯಕ್ಕೆ ಬರುವಷ್ಟು ಕಾಲ!

ಕಥೋಲಿಕ ಧರ್ಮದಲ್ಲಿ ಬಲಿಪೂಜೆಗೂ ಪಾಪನಿವೇದನೆಗೂ ಗುರುಗಳು ಬೇಕೇ ಬೇಕು. ಆದರೆ ಜಪಸರಕ್ಕೆ ಬೇಡ. ಅದು ಬೆರಳುಗಳ ಮೇಲೆಯೂ ನಡೆಯುತ್ತದೆ. ಅಗತ್ಯ ಬಿದ್ದರೆ ಜ್ಞಾನಸ್ನಾನವನ್ನು ಯಾರಾದರೂ ಕೊಡಬಹುದು. ವಿಶ್ವಾಸ, ಭರವಸೆ, ಪ್ರೀತಿಗಳೆಂಬ ಮೂರು ಸದ್ಗುಣಗಳನ್ನು ಅಭ್ಯಾಸಮಾಡಲು ಕಲ್ಲಿನ ಕಟ್ಟಡ ಬೇಕಿಲ್ಲ. ಮರಳಿ ಬಂದವರು ಮತ್ತೆ ಇಗರ್ಜಿ ಕಟ್ಟಿ, ಮತ್ತೆ ಪ್ರಾರ್ಥಿಸತೊಡಗಿದರೆಂದರೆ, ನೆನಪನ್ನು ಕಾಯ್ದುಕೊಟ್ಟದ್ದು ತಾಯಂದಿರ ನಾಲಗೆಯೂ ಅಜ್ಜಂದಿರ ಮಾದರಿಯೂ ಎಂದಲ್ಲದೆ ಬೇರೆ ಏನು ಹೇಳೋಣ?

ಕರಾವಳಿಯ ಕಥೋಲಿಕ ಮನೆಯ ಸಂಜೆಯನ್ನು ನೋಡಿದವರಿಗೆ ಇದರ ಗುಟ್ಟು ತಿಳಿಯುತ್ತದೆ. ದೀಪ ಹಚ್ಚಿ ಎಲ್ಲರೂ ಕೂಡಿ ಜಪಸರ ಮಾಡುತ್ತಾರೆ. ಮುಗಿದೊಡನೆ ಕಿರಿಯರು ಕೈಜೋಡಿಸಿ ಹಿರಿಯರ ಆಶೀರ್ವಾದ ಬೇಡುತ್ತಾರೆ. ದೇವರಲ್ಲಿ ಭಕ್ತಿ, ಹಿರಿಯರಲ್ಲಿ ವಿನಯ ಒಂದೇ ಉಸಿರಿನಲ್ಲಿ ಬರುತ್ತವೆ. ಮೊಂತಿ ಹಬ್ಬದ ನೊವೆಂ ಕೂಡ ಹಾಗೆಯೇ: ಒಬ್ಬನೇ ತಿನ್ನುವ ಅನ್ನವಲ್ಲ ಅದು. ಮನೆಯಲ್ಲಿಲ್ಲದ ಮಗನಿಗೂ ಒಂದು ಪಾಲನ್ನು ಎತ್ತಿಡುವುದುಂಟು. ಪರಸ್ಥಳಕ್ಕೆ ಅಂಚೆಯಲ್ಲಿ ಕಳಿಸುವುದೂ ಉಂಟು.

ಇಂದು ಗದ್ದೆಗಳು ಕಡಿಮೆಯಾಗಿವೆ. ಮುಂಬಯಿ, ಕೊಲ್ಲಿಯ ನಾಡುಗಳಲ್ಲಿ ನೆಲಸಿದವರು ಹತ್ತಂತಸ್ತಿನ ಮೇಲೆ ತೆನೆಯನ್ನು ಬರಮಾಡಿಕೊಳ್ಳುತ್ತಾರೆ. ಅದರಿಂದ ಹಬ್ಬಕ್ಕೆ ಕುಂದಿಲ್ಲ. ಕುಂದು ಬರುವುದಾದರೆ ಸಂಜೆಯ ಜಪಕ್ಕೆ ಕೂಡುವ ಹೊತ್ತೇ ಮನೆಯವರಿಗೆ ಇಲ್ಲವಾದಾಗ. ಸೆರೆಮನೆ ಕಸಿಯಲಾರದೆ ಹೋದುದನ್ನು ಬಿಡುವಿಲ್ಲದ ಬದುಕು ಕಸಿಯದಿರಲಿ. ಈ ಎಚ್ಚರಿಕೆ ಕ್ರೈಸ್ತರಿಗಷ್ಟೇ ಅಲ್ಲ. ಯಾವ ದೇವರ ಹೆಸರಿನಲ್ಲಿ ದೀಪ ಹಚ್ಚುವ ಮನೆಗೂ ಇದು ಸಲ್ಲುತ್ತದೆ.