ಹತ್ತು ಹೆಸರು, ಒಂದು ಸೂರು

2021ರ ಮಾರ್ಚ್ 12. ಗುರುಗ್ರಾಮದ ಸೆಕ್ಟರ್ 82ರ ವಸತಿ ಸಮುಚ್ಚಯವೊಂದರಲ್ಲಿ ತೋಟದ ಕೆಲಸದ ನಾಲ್ವರು ಮಳೆ ಬಂತೆಂದು ಮರವೊಂದರ ಬುಡದಲ್ಲಿ ನಿಂತರು. ಸಿಡಿಲು ಆ ಮರಕ್ಕೇ ಎರಗಿತು. ಮೂವರು ಒಮ್ಮೆಗೇ ಕುಸಿದರು. ಕ್ಷಣ ಕಳೆದು ನಾಲ್ಕನೆಯವನೂ ಉರುಳಿದ. ಅವರಲ್ಲಿ ಒಬ್ಬ ಉಳಿಯಲಿಲ್ಲ. ಕಾವಲು ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ಅನಂತರ ದೇಶವೆಲ್ಲ ನೋಡಿತು. ಮಾನೇಸರಿನಲ್ಲಿರುವ ನಮಗೆ ಅದು ದೂರದ ಸುದ್ದಿಯಲ್ಲ. ಪಕ್ಕದ ಬಡಾವಣೆಯ ಸಾವು.

ದೃಶ್ಯ ನೋಡಿದಾಗ ನನ್ನ ಬಾಯಿಗೆ ತಾನಾಗಿ ಬಂದದ್ದು ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂಬ ಹೆಸರುಗಳು. ಗುಡುಗಿದಾಗ ಅವನ್ನು ಹೇಳಿಕೊಳ್ಳದ ಕನ್ನಡದ ಮನೆಗಳು ನಮ್ಮ ಬಾಲ್ಯದಲ್ಲಿ ಕಡಿಮೆ. ಅಜ್ಜಿ ನಮ್ಮನ್ನು ನಡುಮನೆಯಲ್ಲಿ ಕೂರಿಸಿ, ಅಂಗಳಕ್ಕೆ ಕಬ್ಬಿಣದ ಕತ್ತಿಯೊಂದನ್ನು ಎಸೆದು, ಬಾಗಿಲು ಮುಚ್ಚಿ ಈ ಹೆಸರುಗಳನ್ನು ಹೇಳಿಸುತ್ತಿದ್ದಳು. ಇಂದ್ರನ ಆಯುಧ ವಜ್ರ, ಅರ್ಜುನ ಇಂದ್ರನ ಮಗ. ಮಗನ ಹೆಸರು ಕೇಳಿದರೆ ತಂದೆ ಕೈ ತಡೆಯುತ್ತಾನೆ ಎಂಬುದು ಆಕೆಯ ವಿವರಣೆ.

ಈ ಹೆಸರುಗಳ ಮೂಲ ಮಹಾಭಾರತದ ವಿರಾಟಪರ್ವದಲ್ಲಿದೆ. ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು ಬೃಹನ್ನಳೆ ಹಿಡಿದು ತರುತ್ತಾಳೆ. ಶಮೀವೃಕ್ಷದ ಮೇಲಿನ ಆಯುಧಗಳನ್ನು ಇಳಿಸುವಂತೆ ಹೇಳಿ, ತಾನೇ ಅರ್ಜುನ ಎನ್ನುತ್ತಾಳೆ. ಹಾಗಾದರೆ ಅರ್ಜುನನ ಹತ್ತು ಹೆಸರುಗಳನ್ನು ಹೇಳು ಎನ್ನುತ್ತಾನೆ ಹುಡುಗ. ಅವನ್ನು ಅರ್ಥಸಹಿತ ಕೇಳಿದ ಮೇಲೆಯೇ ಅವನ ನಡುಕ ನಿಲ್ಲುವುದು. ಅಂದರೆ ಈ ಹೆಸರುಗಳು ಕಥೆಯಲ್ಲೇ ಅಂಜಿದ ಹುಡುಗನೊಬ್ಬನಿಗೆ ಧೈರ್ಯ ತುಂಬಲು ಬಂದವು. ಮಳೆ ಬಾರದಿದ್ದರೆ ಊರಲ್ಲಿ ವಿರಾಟಪರ್ವ ಓದಿಸುವುದೂ ನಮ್ಮಲ್ಲಿ ರೂಢಿ. ಮಳೆಯನ್ನು ಕರೆಯಲೂ ಮಳೆಯೊಡನೆ ಬರುವ ಸಿಡಿಲನ್ನು ತಡೆಯಲೂ ನಮ್ಮವರು ಮೊರೆಹೋದದ್ದು ಒಂದೇ ಪರ್ವಕ್ಕೆ.

ಈ ಕಥೆಯ ನೆಲ ನನ್ನ ಕಿಟಕಿಯಾಚೆಗೇ ಇದೆ ಎಂಬುದು ಇಲ್ಲಿಗೆ ಬಂದು ಎಷ್ಟೋ ಕಾಲದ ಮೇಲೆ ಹೊಳೆಯಿತು. ಖಾಂಡವವನ ಸುಡುವಾಗ ಇಂದ್ರ ಸುರಿಸಿದ ಮಳೆಯನ್ನು ಅರ್ಜುನ ಬಾಣಗಳಿಂದ ತಡೆದನಷ್ಟೆ. ಆ ಇಂದ್ರಪ್ರಸ್ಥವನ್ನು ಪರಂಪರೆ ದೆಹಲಿಯಲ್ಲಿ ಗುರುತಿಸುತ್ತದೆ. ಗುರುಗ್ರಾಮಕ್ಕೆ ದ್ರೋಣರ ಹೆಸರು. ಮಾನೇಸರನ್ನು ಹಾದು ಜಯಪುರಕ್ಕೆ ಹೋಗುವ ಹೆದ್ದಾರಿಯಿಂದ ಒಂದಿಷ್ಟು ಒಳಸರಿದರೆ ಬೈರಾಟ್, ಅಂದರೆ ವಿರಾಟನಗರ. ಮತ್ಸ್ಯದೇಶದ ರಾಜಧಾನಿ ಎಂದು ಹೇಳಲಾಗುವ ಊರು. ಅಜ್ಜಿ ಎಂದೂ ಕಾಣದ ಸೀಮೆಯ ಹೆಸರುಗಳು ಆಕೆಯ ನಡುಮನೆಯಲ್ಲಿ ನಮ್ಮನ್ನು ಕಾದಿದ್ದವು.

ನಿಜವಾಗಿ ಕಾದದ್ದು ಯಾವುದು? ಹೆಸರುಗಳನ್ನು ಮುಗಿಸುವವರೆಗೆ ನಾವು ಹೊರಗೆ ಓಡುತ್ತಿರಲಿಲ್ಲ, ಕಿಟಕಿಯ ಸರಳು ಹಿಡಿಯುತ್ತಿರಲಿಲ್ಲ. ಕತ್ತಿಯಿಂದ ಪ್ರಯೋಜನವಿರಲಿಲ್ಲ, ಮುಚ್ಚಿದ ಬಾಗಿಲಿನಿಂದ ಇತ್ತು.

ಯುರೋಪಿನ ಅನುಭವ ಇದಕ್ಕೆ ವಿರುದ್ಧ. ಅಲ್ಲಿ ಗುಡುಗಿದಾಗ ಚರ್ಚಿನ ಗಂಟೆ ಬಾರಿಸುವ ಪದ್ಧತಿ ಇತ್ತು. ಊರಿನ ಅತ್ಯಂತ ಎತ್ತರದ ಗೋಪುರದ ಕೆಳಗೆ, ಒದ್ದೆ ಹಗ್ಗ ಹಿಡಿದು ಒಬ್ಬ ನಿಲ್ಲಬೇಕು. 1784ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟವಾದ ಪುಸ್ತಕವೊಂದರ ಲೆಕ್ಕದಂತೆ 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಗಂಟೆ ಬಾರಿಸುವವರು ಸತ್ತಿದ್ದರು. ಎರಡೂ ಕಡೆ ನಂಬಿಕೆಯೇ. ಒಂದು ಮನುಷ್ಯನನ್ನು ಒಳಗೆ ಕೂರಿಸಿತು, ಇನ್ನೊಂದು ಗೋಪುರದ ಬುಡಕ್ಕೆ ಕಳಿಸಿತು.

ಮಿಂಚು ವಿದ್ಯುತ್ತೇ ಎಂಬ ಬೆಂಜಮಿನ್ ಫ್ರಾಂಕ್ಲಿನ್‌ನ ಊಹೆಯನ್ನು 1752ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿಯಲ್ಲಿ ನೆಟ್ಟ ಕಬ್ಬಿಣದ ಸರಳು ಸಾಬೀತುಮಾಡಿತು. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಂಥದೇ ಪ್ರಯೋಗಕ್ಕಿಳಿದ ವಿಜ್ಞಾನಿ ರಿಖ್‌ಮನ್ ಸಿಡಿಲಿಗೆ ಬಲಿಯಾದ. ಸರಳಿದ್ದರೆ ಸಾಲದು, ಅದು ನೆಲದೊಳಗೆ ಇಳಿದಿರಬೇಕು. ಮಿಂಚುವಾಹಕದ ಗುಟ್ಟೆಲ್ಲ ಇಷ್ಟೇ. ಅಜ್ಜಿಯ ಕತ್ತಿಗೂ ಫ್ರಾಂಕ್ಲಿನ್‌ನ ಸರಳಿಗೂ ಇರುವ ಅಂತರವೂ ಇದೇ.

ಮರದ ಬುಡ ಏಕೆ ಅಪಾಯ ಎಂಬುದಕ್ಕೂ ಇದರಲ್ಲಿಯೇ ಉತ್ತರವಿದೆ. ಮರವು ಸಿಡಿಲಿಗೆ ಒಳ್ಳೆಯ ದಾರಿಯಲ್ಲ. ಕಾಂಡದಲ್ಲಿ ಇಳಿಯುವ ವಿದ್ಯುತ್ತು ಪಕ್ಕದಲ್ಲಿ ನಿಂತ ಮನುಷ್ಯನೆಂಬ ಸುಲಭದ ದಾರಿಗೆ ಜಿಗಿಯುತ್ತದೆ. ನೆಲಕ್ಕಿಳಿದ ಮೇಲೂ ಸುತ್ತ ಹರಡುತ್ತದೆ. ದನಗಳ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದಲೇ ಒಂದೇ ಸಿಡಿಲಿಗೆ ಮಂದೆಗೆ ಮಂದೆ ಸಾಯುವುದುಂಟು. ತಗಡಿನ ಚಪ್ಪರ, ತೆರೆದ ಮಂಟಪ, ಬಸ್ ತಂಗುದಾಣ ಮಳೆಯನ್ನು ತಡೆದಾವು, ಸಿಡಿಲನ್ನಲ್ಲ. ಗಟ್ಟಿ ಕಟ್ಟಡ, ಇಲ್ಲವೇ ಗಾಜು ಏರಿಸಿದ ಕಾರು ಮಾತ್ರ ಆಸರೆ. ಒಳಗಿದ್ದಾಗಲೂ ನಲ್ಲಿ, ತಂತಿಯ ಫೋನು, ವಿದ್ಯುತ್ ಉಪಕರಣಗಳಿಂದ ದೂರವಿರಬೇಕು. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಗುಡುಗು ಕೇಳಿದರೆ ಅಪಾಯ ಹತ್ತಿರವೆಂದೇ ಅರ್ಥ. ಕೊನೆಯ ಗುಡುಗಿನ ಅನಂತರ ಅರ್ಧ ಗಂಟೆ ಹೊರಬರಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತಿ ಉಪಚರಿಸಿದರೆ ಬದುಕಿಸಬಹುದು.

ಆ ಮಾರ್ಚಿನ ನಾಲ್ಕು ತಿಂಗಳ ಅನಂತರ, ಜುಲೈ 11ರಂದು, ಇದೇ ಹೆದ್ದಾರಿಯ ಇನ್ನೊಂದು ತುದಿಯ ಆಮೇರ್ ಕೋಟೆಯೆದುರಿನ ಕಾವಲು ಗೋಪುರಕ್ಕೆ ಸಿಡಿಲು ಬಡಿದು ಕನಿಷ್ಠ 11 ಮಂದಿ ಸತ್ತರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2020ರಲ್ಲಿ 2,862, 2021ರಲ್ಲಿ 2,880, 2022ರಲ್ಲಿ 2,887. ಮುನ್ಸೂಚನೆ ಇಲ್ಲವೆಂದಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಣ 20 ಮತ್ತು 40 ಕಿಲೋಮೀಟರಿನ ಮಿಂಚನ್ನು ತಿಳಿಸುತ್ತದೆ. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಹೆಸರಿನಲ್ಲೇ ಆ್ಯಪ್ ರೂಪಿಸಿದೆ. ಅವೆರಡೂ ಕೊನೆಗೆ ಹೇಳುವುದು ಅಜ್ಜಿಯ ಮಾತನ್ನೇ: ಒಳಗೆ ಹೋಗಿ.

ಆದರೆ ಸೆಕ್ಟರ್ 82ರ ಆ ನಾಲ್ವರನ್ನು ನೆನೆದಾಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತ ಅಷ್ಟೊಂದು ಮನೆಗಳು. ಅವರು ನಿಂತದ್ದು ಮರದ ಕೆಳಗೆ. ಹೊಲದ ನಡುವಿನ ರೈತನಿಗೆ ಹತ್ತಿರದಲ್ಲಿ ಸೂರೇ ಇರುವುದಿಲ್ಲ. ನಗರದ ಮಾಲಿಗೆ, ತಗಡಿನ ಗೂಡಿನ ಕಾವಲುಗಾರನಿಗೆ ಸೂರು ಎದುರಿಗೇ ಇರುತ್ತದೆ, ಆದರೆ ಒಳಗೆ ಹೋಗುವ ರೂಢಿಯಿರುವುದಿಲ್ಲ. ಕರೆಯದೆ ಅವರು ಬಾರರು.

ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದೆ. ಗುಡುಗಿದೊಡನೆ ಕೆಳಗಿನ ಹಜಾರದ ಬಾಗಿಲು ತೆರೆದು ಕೆಲಸದವರನ್ನೆಲ್ಲ ಒಳಗೆ ಕರೆಯಬೇಕು ಎಂದೆ. ಕೆಸರುಗಾಲಿನಿಂದ ಅಮೃತಶಿಲೆ ಕೊಳೆಯಾಗುತ್ತದೆ ಎಂದರು ಒಬ್ಬರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರೊಬ್ಬರು, ನೆಲವನ್ನು ಒರೆಸಬಹುದು ಎಂದರು, ನಿರ್ಣಯವಾಯಿತು. ಕಳೆದ ಜೂನಿನ ಬಿರುಗಾಳಿಯಲ್ಲಿ ಇಬ್ಬರು ಮಾಲಿಗಳು, ಒಬ್ಬ ಕಾವಲುಗಾರ, ಊಟ ತಲುಪಿಸಲು ಬಂದ ಹುಡುಗನೊಬ್ಬ ಆ ಹಜಾರದಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ನಾನು ಹಳೆಯ ಅಭ್ಯಾಸದಂತೆ ಮನಸ್ಸಿನಲ್ಲೇ ಅರ್ಜುನನ ಹೆಸರು ಎಣಿಸುತ್ತಿದ್ದೆ.